ಸೀಟಿನ ಮೇಲೆ ಕುಳಿತ ಭಯ

ಜನರ ಭಯಗಳಿಗೆ ಕೈಕಾಲು ಮೂಡಿ ಕಣ್ಣಿಗೆ ಕಾಣತೊಡಗಿದ ಮೇಲೆ, ಸ್ಕೂಟರ್ ಕಲಿಸುವುದರಲ್ಲಿ ಇಡೀ ವಿಜಯಪುರಕ್ಕೆ ನಾನೇ ಗಟ್ಟಿಗ. ಗೋಳಗುಮ್ಮಟದಷ್ಟು ದೊಡ್ಡ ಭಯವನ್ನೂ ಸೊಳ್ಳೆಯಾಗಿಸಿದವನು ನಾನು! ಎರಡು ಸಲ ಫೇಲಾದ ನೀಲಾಂಬಿಕಾ ಟೀಚರಿಗೆ ಅಂದು ಲೈಸೆನ್ಸ್ ಟೆಸ್ಟಿನ ಕಡೆಯ ಅವಕಾಶ. ಅವರ ಭಯ ಎಮ್ಮೆಯಂತೆ ಸೀಟಿನ ಮೇಲೆಯೇ ಕುಳಿತಿತ್ತು. ಟೀಚರ್ ಮುಖ ತಿರುಗಿಸಿದಷ್ಟೂ ಉಬ್ಬುತ್ತಿತ್ತು.

“ಅಕ್ಕಾರ, ಅದನ್ನ ಬಿಡದಂಗ ನೋಡ್ರಿ.”

“ನೋಡಿದ್ರ ನುಂಗತದೋ ತಮ್ಮಾ!”

“ಹಂಗಾದ್ರ ಬಾಯಾಗ ಹಲ್ಲ ಎಷ್ಟದಾವ, ಹೇಳ್ರಿ.”

ಟೀಚರ್ ಬಗ್ಗಿ ದಿಟ್ಟಿಸಿದರು. “ಅಯ್ಯ, ಒಂದೂ ಇಲ್ಲಲ್ಲೋ!”

ಎಮ್ಮೆ ಕುರಿಯಾಯಿತು, ಕುರಿ ಬೆಕ್ಕಾಯಿತು. ಟೀಚರ್ ಅದನ್ನು ಹಿಂದಕ್ಕೆ ತಳ್ಳಿ, ಹತ್ತಿ, ಹೊರಟೇಬಿಟ್ಟರು. ಎಂಟರಾಕಾರದ ಗೆರೆಯನ್ನು ಒಮ್ಮೆಯೂ ಕಾಲೂರದೆ ಸುತ್ತಿ ಮುಗಿಸಿದರು. ಹಿಂದೆ ಕುಳಿತ ಭಯ ಮಾತ್ರ ಅವರ ಸೊಂಟ ತಬ್ಬಿಕೊಂಡು, ಕಣ್ಣು ಮುಚ್ಚಿ ಚೀರುತ್ತಿತ್ತು.