ಒಕ್ಕಣೆಗೊಂದು ಕೈಪಿಡಿ

ಹನ್ನೊಂದನೇ ಸಲವೂ ಮಹೇಶ್ ಒಪ್ಪಲಿಲ್ಲ.

ಚಾಮರಾಜಪುರಂನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ನಿಶ್ಚಿತಾ ಅವನ ಮೇಲ್ ಮತ್ತೆ ಮತ್ತೆ ಓದಿದಳು. ಎರಡೇ ಸಾಲು. ‘ನಾಲ್ಕನೇ ಪುಟ ಇನ್ನೂ ತಿಳಿಯಾಗಬೇಕು. ದಯವಿಟ್ಟು ಇನ್ನೊಮ್ಮೆ ಬರೆದು ಕಳುಹಿಸಿ.’ ಇವನು ಬೇಕೆಂದೇ ಸತಾಯಿಸುತ್ತಿದ್ದಾನೆ ಎಂಬ ಗುಮಾನಿ ಆವತ್ತು ಅವಳಲ್ಲಿ ಗಟ್ಟಿಯಾಯಿತು.

‘ಒಕ್ಕಣೆ’ ಎಂಬುದು ಕನ್ನಡದಲ್ಲಿ ಟೈಪು ಮಾಡುವ ಪ್ರೋಗ್ರಾಂ. ಮಹೇಶ್ ಒಬ್ಬನೇ ಅದನ್ನು ಬರೆದು, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಬಿಟ್ಟಿದ್ದ. ಒಳ್ಳೆಯ ಪ್ರೋಗ್ರಾಂ. ಆದರೆ ಬಳಸುವುದು ಹೇಗೆಂದು ತಿಳಿಸುವ ಕೈಪಿಡಿ ಮಾತ್ರ ಅದರ ಜೊತೆಗಿರಲಿಲ್ಲ. ಅದನ್ನು ತಾನು ಬರೆದುಕೊಡುತ್ತೇನೆಂದು 2004ರ ಜನವರಿಯಲ್ಲಿ ನಿಶ್ಚಿತಾ ಅವನಿಗೆ ಮೇಲ್ ಕಳಿಸಿದ್ದಳು. ಬರೆಯುವುದು ಯಾರೇ ಆಗಲಿ, ಅದನ್ನು ಸೇರಿಸಿ ಹೊಸ ಆವೃತ್ತಿ ಹೊರಡಿಸುವ ಅಧಿಕಾರ ಮಹೇಶನೊಬ್ಬನದೇ.

ಅವಳಿಗೆ ಅದು ಹವ್ಯಾಸವಾಗಿರಲಿಲ್ಲ. ಚಿಕ್ಕಂದಿನಿಂದ ಮಾತು ತೊದಲುತ್ತಿತ್ತು. ಡಿಪ್ಲೊಮಾ ಮುಗಿದ ಮೇಲೆ ಏಳು ಇಂಟರ್‌ವ್ಯೂಗಳಿಗೆ ಹೋಗಿ, ಏಳರಲ್ಲೂ ತನ್ನ ಹೆಸರು ಹೇಳುವಷ್ಟರಲ್ಲೇ ಸೋತು ಬಂದಿದ್ದಳು. ಹೆಬ್ಬಾಳದ ಒಂದು ಕಂಪನಿಯ ಮ್ಯಾನೇಜರ್ ಯೋಗೇಂದ್ರ ಮಾತ್ರ, ಮ್ಯಾನ್ಯುಯಲ್ ಬರೆಯುವ ಕೆಲಸಕ್ಕೆ ಬಾಯಿ ಬೇಕಿಲ್ಲ, ನಿಮ್ಮ ಹೆಸರಿನಲ್ಲಿ ಬಿಡುಗಡೆಯಾದ ಒಂದು ಮ್ಯಾನ್ಯುಯಲ್ ತಂದು ತೋರಿಸಿ ಸಾಕು ಎಂದಿದ್ದರು. ಆರು ತಿಂಗಳು ಕಾದು ಕಾದು ಈಗ ಅವರಿಗೂ ತಾಳ್ಮೆ ತಪ್ಪಿತ್ತು. ಬರುವ ಶುಕ್ರವಾರವೇ ಕಡೆಯ ದಿನ.

ಮಹೇಶನ ರೀತಿಯೇ ವಿಚಿತ್ರ. ಒಕ್ಕಣೆಯ ಹೊಸ ಆವೃತ್ತಿ ಬಂದು ಎರಡು ವರ್ಷವಾಗಿತ್ತು. ಹೆಚ್ಚು ಪುಟಗಳಿದ್ದರೆ ಪ್ರೋಗ್ರಾಂ ನಿಂತುಹೋಗುತ್ತದೆಂದು ಅವಳು ಮೂರು ಸಲ ಬರೆದರೂ ಅದರ ಬಗ್ಗೆ ಚಕಾರವಿಲ್ಲ. ಭಾಷೆಯ ವಿಷಯಕ್ಕೆ ಮಾತ್ರ ಬಿಡುತ್ತಿರಲಿಲ್ಲ. ‘ಮಾಡಲಾಗುವುದು’ ಬೇಡ, ಮಾಡುವವರು ಯಾರೆಂದು ಬರೆಯಿರಿ. ಇಲ್ಲಿ ಅಲ್ಪವಿರಾಮ ಬೇಕು. ಈ ವಾಕ್ಯ ಒಡೆಯಿರಿ. ಉತ್ತರ ಬರುವುದು ಸಂಜೆ ಐದರ ಮೇಲೆ. ಮಾರ್ಚ್ ತಿಂಗಳಿಡೀ ಒಂದಕ್ಷರವಿಲ್ಲ. ಹಾಗಿದ್ದರೂ, ಅವನು ತಿದ್ದಿಸಿದಷ್ಟೂ ತನ್ನ ಬರವಣಿಗೆ ಹದಕ್ಕೆ ಬರುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಕಾರಣಕ್ಕೇ ಹತ್ತು ಸಲ ಸಹಿಸಿಕೊಂಡಿದ್ದಳು.

ಗುರುವಾರ ಸಂಜೆ ಕೃಷ್ಣಮೂರ್ತಿಪುರಂಗೆ ನಡೆದೇ ಹೊರಟಳು. ಪ್ರೋಗ್ರಾಮಿನ ಜೊತೆಗೆ ಮಹೇಶ್ ತನ್ನ ಮನೆಯ ವಿಳಾಸವನ್ನೂ ಕೊಟ್ಟಿದ್ದ. ಇಷ್ಟು ಹತ್ತಿರದವನೆಂದು ಗೊತ್ತಿದ್ದೂ ಈವರೆಗೆ ಹೋಗದಿದ್ದುದು ಬಾಯಿ ತೆರೆಯುವ ಭಯಕ್ಕೆ. ದಾರಿಯುದ್ದಕ್ಕೂ ಹೇಳಬೇಕಾದುದನ್ನು ಮನಸ್ಸಿನಲ್ಲೇ ಉರು ಹೊಡೆದಳು.

ಬಾಗಿಲು ತೆರೆದವರು ಅವನ ತಾಯಿ ದಾಕ್ಷಾಯಣಮ್ಮ. ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಆಗಷ್ಟೇ ಬಂದಿದ್ದರು. ಬೆರಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು.

“ಮ... ಮಹೇಶ್ ಇದ್ದಾರಾ?”

“ಇಲ್ಲ ಕಣಮ್ಮ. ಒಳಗೆ ಬಾ.”

ತಾನು ನಿಶ್ಚಿತಾ ಎಂದು ಹೇಳಿಕೊಳ್ಳಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ಬೇರೆಯವರಂತೆ ಆಕೆ ಮಾತನ್ನು ತಾವೇ ಮುಗಿಸಲು ಹೋಗಲಿಲ್ಲ, ಸುಮ್ಮನೆ ಕಾದರು. ಹೆಸರು ಕೇಳಿದ್ದೇ ತಡ, ಆಕೆಯ ಮುಖ ಬಿಳಿಚಿಕೊಂಡಿತು. ಕುರ್ಚಿ ತೋರಿಸಿ, ಕಾಫಿ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ.

ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್. ಅದರ ಪಕ್ಕ ಅವಳ ಕೈಪಿಡಿಯ ಪ್ರತಿಗಳು, ಹನ್ನೊಂದೂ, ಪ್ರಿಂಟಾಗಿ, ಟ್ಯಾಗಿನಲ್ಲಿ ಕಟ್ಟಿಸಿಕೊಂಡು ಕೂತಿದ್ದವು. ನಿಶ್ಚಿತಾಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಇಷ್ಟು ಜೋಪಾನ ಮಾಡಿದವನು ಕೈಬಿಡಲಾರ. ತಾಯಿಯ ಬಾಯಿಂದ ಒಂದು ಮಾತು ಹೇಳಿಸಿದರೆ ಇವತ್ತೇ ಹೂಂ ಅಂದಾನು.

ಕಾಫಿ ಬಂತು. ಏಳು ಇಂಟರ್‌ವ್ಯೂಗಳ ಕಥೆಯನ್ನು, ಹೆಬ್ಬಾಳದ ಕೆಲಸವನ್ನು, ನಾಳೆಗೆ ಮುಗಿಯುವ ಗಡುವನ್ನು ಅವಳು ತಡವರಿಸುತ್ತಲೇ ಹೇಳಿದಳು. ಹೊರಗಿನವರೊಬ್ಬರ ಮುಂದೆ ಒಂದೇ ಸಲಕ್ಕೆ ಅಷ್ಟು ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ.

“ನಾಳೆಯೊಳಗೆ ಅವರು ಸೇರಿಸಿದ್ರೆ ನನಗೊಂದು ದಾರಿ ಆಗುತ್ತೆ. ನೀವೊಂದು ಮಾತು ಹೇಳಿ, ಅಮ್ಮ.”

ದಾಕ್ಷಾಯಣಮ್ಮ ಲೋಟ ಕೆಳಗಿಟ್ಟರು.

“ಕೆಲಸದ ವಿಷಯ ನೀನು ಒಂದ್ಸಲನೂ ಬರೀಲೇ ಇಲ್ವಲ್ಲಮ್ಮ.”

“ಅವರಿಗ್ಯಾಕೆ ನನ್ನ ಕಷ್ಟ ಅಂತ...”

“ಆ ಸೇರಿಸೋದೆಲ್ಲ ನನಗೆ ಬರಲ್ಲ. ಮೇಲ್ ನೋಡೋದು, ಉತ್ತರ ಬರೆಯೋದು, ಅಷ್ಟೇ ಅವನು ನನಗೆ ಹೇಳಿಕೊಟ್ಟಿದ್ದು.”

ನಿಶ್ಚಿತಾ ಏನೋ ಕೇಳಲು ಹೋದಳು. ಮೊದಲ ಅಕ್ಷರವೇ ಹೊರಡಲಿಲ್ಲ. ಈ ಸಲ ದಾಕ್ಷಾಯಣಮ್ಮ ಕಾಯಲಿಲ್ಲ.

“ನೀನು ಮೊದಲನೇ ಸಲ ಕಳಿಸಿದ್ದೇ ಚೆನ್ನಾಗಿತ್ತು. ಸರಿಯಾಗಿದೆ ಅಂದ್ಬುಟ್ರೆ ಬರೆಯೋದು ನಿಲ್ಲಿಸ್ಬುಡ್ತೀಯ ಅಂತ ಭಯ ಆಯ್ತು ಕಣಮ್ಮ. ಮಹೇಶ ತೀರಿಕೊಂಡು ಎರಡು ವರ್ಷ ಆಯ್ತು. ಅವನ ಹೆಸರಿಗೆ ಇನ್ನೂ ಕಾಗದ ಬರೀತಿದ್ದೋಳು ನೀನೊಬ್ಬಳೇ.”