ನೀಲಿ ಟೋಪಿ

ಏಷ್ಯಾ ಮಟ್ಟದ ಈಜುಕೂಟ. ಗಂಡಸರ ಐವತ್ತು ಮೀಟರ್ ಫ್ರೀಸ್ಟೈಲ್ ಫೈನಲ್‌ಗೆ ನಮ್ಮ ದೇಶದಿಂದ ತಲುಪಿದ್ದವನು ಲತೇಶ್ ಕೋಟ್ಯಾನ್ ಒಬ್ಬನೇ. ಅವನ ಬೆಂಬಲಕ್ಕೆಂದು ಈಜು ಸಂಘದ ಅಧ್ಯಕ್ಷ ಚನ್ನವೀರಯ್ಯನವರು, ಅವರ ಶ್ರೀಮತಿ, ಮ್ಯಾನೇಜರ್ ಎಂಬ ಹೆಸರಿನಲ್ಲಿ ಅವರ ಭಾಮೈದ, ಜೊತೆಗೆ ಹತ್ತಾರು ಪದಾಧಿಕಾರಿಗಳು ದೇಶಸೇವೆಯ ಕಷ್ಟ ಸಹಿಸಿಕೊಂಡು ಬಂದಿದ್ದರು.

ಈಜುಗಾರರೆಲ್ಲ ಟೋಪಿ, ಕನ್ನಡಕ ತೊಟ್ಟು ನೀರಿನಂಚಿಗೆ ಬಂದು ನಿಂತರು.

"ನಮ್ಮೋನು ಯಾವನೋ?" ಅಧ್ಯಕ್ಷರು ಕೇಳಿದರು.

"ಆ ನೀಲಿ ಟೋಪಿ, ಭಾವ," ಎಂದ ಭಾಮೈದ, ಯೋಚನೆಯನ್ನೇ ಮಾಡದೆ.

ಪದಾಧಿಕಾರಿಗಳೆಲ್ಲ ಗಂಟಲು ಹರಿಯುವಂತೆ ಕೂಗಿದರು. ನೀಲಿ ಟೋಪಿಯವನೇ ಮೊದಲು ಗೋಡೆ ಮುಟ್ಟಿದ. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಲೇ ಊರಿನ ಟಿವಿಯವರಿಗೆ ಫೋನು ಹಚ್ಚಿದರು.

"ಚಿನ್ನ ಕಣ್ರೀ! ಆ ಹುಡುಗನ್ನ ಗುರುತಿಸಿದ್ದೇ ನಾನು. ಸಾವಿರ ಜನದ ಮಧ್ಯ ಇದ್ರೂ ಅವನ ಕೈಬೀಸು ನೋಡಿ ಹೇಳಿಬಿಡ್ತೀನಿ. ಮಗ ಇದ್ದಂಗೆ ನನಗೆ."

ಅಷ್ಟರಲ್ಲಿ ಭಾಮೈದನ ಫೋನು ರಿಂಗಾಯಿತು.

"ಸರ್, ನಾನು ಲತೇಶ್. ಬಸ್ಸಲ್ಲಿ ಜಾಗ ಇಲ್ಲ, ಬೇರೆ ಗಾಡಿ ಕಳಿಸ್ತೇವೆ ಅಂದಿದ್ರಲ್ಲ? ಬೆಳಿಗ್ಗೆಯಿಂದ ಹೋಟೆಲ್ ಗೇಟಲ್ಲೇ ನಿಂತಿದ್ದೇನೆ ಮಾರಾಯ್ರೆ!"