ಊರಿಗೆ ಹೋಗಿ ಕಾಗದ ಹಾಕ್ತೀವಿ

ಮೊರದಲ್ಲಿ ಅಕ್ಕಿ ಆರಿಸುತ್ತಲೇ ಸಾವಂತ್ರಮ್ಮ ಮಗನನ್ನು ಮತ್ತೆ ಕೆಣಕಿದಳು. "ಶ್ರೀಕಂಠು, ಆ ಹುಡುಗಿ ಮನೇಲಿ ಉಪ್ಪಿಟ್ಟು, ಕೇಸರಿಬಾತು ತಿಂದು ಬಂದು ಆರು ತಿಂಗಳಾಯ್ತು. 'ಊರಿಗೆ ಹೋಗಿ ಕಾಗದ ಹಾಕ್ತೀವಿ' ಅಂತ ಹೇಳಿ ಬಂದಿದ್ವಿ. ನಿನಗೆ ಒಪ್ಪಿಗೆ ತಾನೆ?"

"ಒಪ್ಪಿಗೇನೇ ಕಣಮ್ಮ. ಮೊದಲು ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬರಲಿ. ಸ್ಟುಡಿಯೋದವರು ಕೊಟ್ಟ ಮದುವೆ ವಿಡಿಯೋಗಳೆಲ್ಲ ಎಡಿಟ್ ಆಗದೆ ಬಿದ್ದಿವೆ. ಕೆಲಸ ಒಂದು ದಾರಿಗೆ ಬರಲಿ, ಆಮೇಲೆ ಮದುವೆ."

"ಹಾಗಾದ್ರೆ ತಗೊಳ್ಳೋ ಅದನ್ನ!"

"ಈಗಲಾ? ಕಾರ್ಡ್ ಮಾಡೋ ಎರಡು ಕಂಪನಿಗಳು ಜಿದ್ದಿಗೆ ಬಿದ್ದಿವೆ. ಇವರು ದೀಪಾವಳಿಗೆ ಹೊಸದು ಬಿಟ್ರೆ ಅವರು ಯುಗಾದಿಗೆ ಬೆಲೆ ಇಳಿಸ್ತಾರೆ. ಇವತ್ತು ಕೊಂಡವನೇ ಬೆಪ್ಪ."

ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು. ಕಂಪನಿಗಳ ಜಿದ್ದು ಮಾತ್ರ ಮುಗಿಯಲಿಲ್ಲ. ಕೊನೆಗೆ ಸ್ಟುಡಿಯೋದವರು ಮನೆಗೇ ಬಂದು ಬೈದು ಹೋದ ಮೇಲೆ ಶ್ರೀಕಂಠು ಕಾರ್ಡ್ ತಂದ. ಸಾವಂತ್ರಮ್ಮ ಅಂದೇ ಕೂತು, ಹುಡುಗಿ ನಮಗೆಲ್ಲ ಒಪ್ಪಿಗೆ ಎಂದು ಕಾಗದ ಬರೆದಳು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಒಳಗಿನಿಂದ ಮಗ ಕೂಗಿದ.

"ಅಮ್ಮಾ, ಬಾ ಇಲ್ಲಿ! ಮೊದಲನೇ ಮದುವೆ ವಿಡಿಯೋ ಹಾಕಿದೀನಿ. ಎಂಥಾ ಸ್ಪಷ್ಟ ನೋಡು! ಮದುಮಗಳ ಬೈತಲೆಬೊಟ್ಟಿನ ಒಂದೊಂದು ಹರಳೂ ಎಣಿಸಬಹುದು."

ಸಾವಂತ್ರಮ್ಮ ಕನ್ನಡಕ ಏರಿಸಿ ನೋಡಿದಳು.

"ಹರಳು ಹಾಗಿರಲಿ, ಮುಖ ನೋಡೋ. ನಮಗೆ ಉಪ್ಪಿಟ್ಟು ಕೊಟ್ಟೋಳು."

ಸಾವಂತ್ರಮ್ಮ ತಾನು ಬರೆದಿದ್ದ ಕಾಗದವನ್ನು ಹರಿದು, ಹೊಸ ಹಾಳೆಯಲ್ಲಿ ಎರಡೇ ಸಾಲು ಬರೆದು ಅಂಚೆಡಬ್ಬಿಗೆ ಹಾಕಿ ಬಂದಳು: "ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಮಗಳ ಮದುವೆಯ ವಿಡಿಯೋ ಮುಂದಿನ ವಾರ ಸಿಗುತ್ತದೆ."